ಕರೆಂಟು ಎಲ್ಲಿಯವರೆಗೆ ಬಂದಿದೆ?

ಇಂದಿನ ಬಹುಪಾಲು ಲಾರಿಗಳಲ್ಲಿ ಸ್ಪಾರ್ಕಿನ ಮಾತೇ ಇಲ್ಲ. ಡೀಸೆಲ್ ಇಂಜಿನ್ನಿಗೆ ಕಿಡಿಯ ಹಂಗಿಲ್ಲ. 1954ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ-ಮರ್ಸಿಡಿಸ್ ಡೀಸೆಲ್ ಲಾರಿ ಬರತೊಡಗಿದ ಮೇಲೆ ಪೆಟ್ರೋಲ್ ಲಾರಿಗಳು ಮೆಲ್ಲಮೆಲ್ಲಗೆ ಮೂಲೆ ಸೇರಿದವು. ಆದರೂ ಅಲ್ಲೊಂದು ಇಲ್ಲೊಂದು ಹಳೆಯ ಫಾರ್ಗೊ, ಷೆವರ್ಲೆ ಯಾರದೋ ಶೆಡ್ಡಿನಲ್ಲಿ ಉಳಿದಿರುತ್ತದೆ. ಅಂಥದ್ದು ಕೆಟ್ಟು ನಿಂತಾಗ ಸುತ್ತ ನೆರೆದವರನ್ನು ನೋಡಬೇಕು.

ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಪ್ಲಗ್ ಬಿಚ್ಚಿ ಬಾಡಿಗೆ ತಾಗಿಸಿ ನೋಡಿದರೆ ಕಿಡಿ ಇಲ್ಲ. ‘ಪ್ಲಗ್ ಹೋಗಿದೆ’ ಎಂದು ಒಬ್ಬ, ‘ಕಾಯಿಲ್ಲೇ ಹೋಗಿದೆ’ ಎಂದು ಇನ್ನೊಬ್ಬ. ಮಾಲೀಕರು ಆಗಲೇ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಹಚ್ಚಿರುತ್ತಾರೆ. ಏನಾದರೂ ಕೊಂಡು ತಂದರೆ ಏನೋ ಮಾಡಿದ ಸಮಾಧಾನ! ಯೋಚಿಸುವ ಕಷ್ಟ ತಪ್ಪಿಸಿಕೊಳ್ಳಲು ಇದಕ್ಕಿಂತ ಗೌರವದ ದಾರಿ ಬೇರೆ ಇರಲಾರದು.

ಪಳಗಿದ ಮೆಕ್ಯಾನಿಕ್ ಮೊದಲು ಕೇಳಿಕೊಳ್ಳುವುದು ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು. ಬ್ಯಾಟರಿಯಿಂದ ಕೀ, ಕೀಯಿಂದ ಕಾಯಿಲ್, ಅಲ್ಲಿಂದ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್. ಪಾಯಿಂಟ್ ಬಿಚ್ಚಿಕೊಂಡ ಕ್ಷಣ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟು ಹುಟ್ಟಿ, ರೋಟರ್ ಹಾದು ಪ್ಲಗ್ಗಿಗೆ ಹಾರುತ್ತದೆ. ಆತ ಹೋಗಿ ನಿಲ್ಲುವುದು ನಟ್ಟನಡುವೆ, ಕಾಯಿಲ್ ಬಳಿ. ಟೆಸ್ಟ್ ಲ್ಯಾಂಪಿನ ಒಂದು ತುದಿ ಬಾಡಿಗೆ, ಇನ್ನೊಂದು ಕಾಯಿಲ್‌ನ ಕೀ ಕಡೆಯ ಟರ್ಮಿನಲ್‌ಗೆ. ಕೀ ಆನ್ ಮಾಡಿದಾಗ ಬಲ್ಬು ಉರಿದರೆ ಅಲ್ಲಿಯವರೆಗೆ ತೊಂದರೆಯಿಲ್ಲ. ಆಮೇಲೆ ಅದೇ ತುದಿ ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲ್‌ಗೆ. ಜೊತೆಯ ಹುಡುಗ ಸೆಲ್ಫ್ ಹೊಡೆಯುತ್ತಾನೆ. ಬಲ್ಬು ಮಿಣುಕಿದರೆ ಪಾಯಿಂಟ್ ಕೆಲಸ ಮಾಡುತ್ತಿದೆ, ಮುಂದಕ್ಕೆ ಹುಡುಕಬೇಕು. ಒಂದೇ ಸಮ ಉರಿಯುತ್ತಿದ್ದರೆ ಪಾಯಿಂಟ್ ಕೂಡುತ್ತಿಲ್ಲ. ಉರಿಯದಿದ್ದರೆ ಪಾಯಿಂಟ್ ಬಿಚ್ಚಿಕೊಳ್ಳುತ್ತಿಲ್ಲ, ಎಲ್ಲೋ ಬಾಡಿಗೆ ಶಾರ್ಟ್ ಆಗಿದೆ, ಇಲ್ಲವೇ ಕಾಯಿಲ್ ಒಳಗೆ ತಂತಿ ಕಡಿದಿದೆ. ಇಷ್ಟಕ್ಕೆ ಒಂದು ಪೈಸೆಯೂ ಖರ್ಚಾಗಿಲ್ಲ. ‘ಹೋದ ಸಲ ಇದಕ್ಕೆ ಕೈ ಹಾಕಿದವನು ಯಾರು?’ ಎಂದೂ ಆತ ಕೇಳಿಲ್ಲ.

ಮನೆಯಲ್ಲಿ ನಾವೂ ಲಾರಿಯ ಸುತ್ತ ನೆರೆದವರಂತೆಯೇ. ಮಗಳಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದರೆ ನಾವು ಮಾಡುವುದೇನು? ಅದೇ ವಾರ ಟ್ಯೂಷನ್ ಬದಲು, ಮೊಬೈಲ್ ಕಪಾಟಿಗೆ, ಹೊಸ ಗೈಡು ಬೇರೆ. ಅಂಕ ಏರಿದರೂ ಯಾವುದರಿಂದ ಏರಿತೆಂದು ತಿಳಿಯದು. ಅದರ ಬದಲು ಅವಳ ನೋಟ್ಸು ತೆರೆದು ಪಕ್ಕದಲ್ಲಿ ಕೂತರೆ, ಭಿನ್ನರಾಶಿ ಲೆಕ್ಕಗಳೆಲ್ಲ ಸರಿಯಿದ್ದು, ಸಮೀಕರಣದಲ್ಲಿ ಪದವೊಂದನ್ನು ಆಚೆಗೆ ಒಯ್ಯುವಾಗ ಮಾತ್ರ ಚಿಹ್ನೆ ತಪ್ಪುತ್ತಿರುವುದು ಕಂಡೀತು. ಆಗ ಹೇಳಿಕೊಡಬೇಕಾದದ್ದು ಒಂದು ಸಂಜೆಯ ಪಾಠ.

ಸಿಕ್ಕ ತಪ್ಪನ್ನು ಸರಿಪಡಿಸುವಲ್ಲೂ ಆತುರ ಇಣುಕುತ್ತದೆ. ಮತ್ತೆ ಆ ಲಾರಿಯನ್ನೇ ನೋಡಿ. ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ತೆಗೆದಾಗ ಪಾಯಿಂಟ್‌ನ ಮುಖ ಕಪ್ಪಾಗಿ, ಒಂದು ಬದಿ ಗುಳಿ ಬಿದ್ದು, ಇನ್ನೊಂದು ಬದಿ ಉಬ್ಬಿರುತ್ತದೆ. ಮರಳು ಕಾಗದದಿಂದ ಉಜ್ಜಿ, ಗೇಜ್ ಹಾಕಿ ಗ್ಯಾಪ್ ಹೊಂದಿಸಿದರೆ ಗಾಡಿ ಸ್ಟಾರ್ಟ್! ಬಹಳ ಮಂದಿ ಅಲ್ಲಿಗೆ ಕೈ ಒರೆಸಿಕೊಳ್ಳುತ್ತಾರೆ. ಪಾಯಿಂಟ್ ಹಾಗೇಕೆ ಸುಟ್ಟಿತು ಎಂದು ಕೇಳಿದರೆ ಪಾಯಿಂಟ್ ಸುಡದಂತೆ ತಡೆಯುವ ಪಕ್ಕದ ಕಂಡೆನ್ಸರ್ ಮೇಲೆ ಕಣ್ಣು ಹೋಗುತ್ತದೆ. ಅದು ಕೆಟ್ಟಿದ್ದರೆ ಉಜ್ಜಿದ ಪಾಯಿಂಟ್ ಮತ್ತೆ ಸುಡುತ್ತದೆ. ಹೊಸ ಕಂಡೆನ್ಸರ್ ಹಾಕಿದ ಮಾತ್ರಕ್ಕೆ ನಂಬಿ ಕೂರುವಂತೆಯೂ ಇಲ್ಲ, ಬಿಸಿಯೇರಿದಾಗ ಕೈಕೊಡುವ ಹೊಸವೂ ಉಂಟು. ಇಂಜಿನ್ ಚೆನ್ನಾಗಿ ಕಾಯುವವರೆಗೆ ಊರ ಸುತ್ತಲೇ ಓಡಿಸಿ, ಆಮೇಲೆ ಲೋಡು ಹಾಕಿಸಬೇಕು.