ಚೀಟಿ ಬಿದ್ದವನೂ ಬೀಳದವನೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯಿಂದ ಬಂದ ಕುಟುಂಬಗಳಿಗೆ, ಜಗಳೂರಿನಿಂದ ಬೆಳಗಿನ ಬಸ್ಸಿಗೆ ಹೊರಟು ಬಂದವರಿಗೆ, ದೂರದೇಶದಲ್ಲಿ ಕೂತು ಮೊಬೈಲಿನಲ್ಲಿ ಕೇಳ್ತಾ ಇರೋ ನಮ್ಮ ಮಕ್ಕಳಿಗೂ ಸ್ತೋತ್ರ. ಸತ್ಯವೇದ ತೆಗೆಯಿರಿ. ಅಪೊಸ್ತಲರ ಕೃತ್ಯಗಳು ಒಂದನೇ ಅಧ್ಯಾಯ, 15ರಿಂದ 26ನೇ ವಚನ. ಜ್ಞಾನೋಕ್ತಿ 16:33ಕ್ಕೂ ಒಂದು ಗುರುತು ಇಟ್ಕೊಳ್ಳಿ. ಓದಿ ಆಯ್ತಾ? ಆಮೆನ್ ಹೇಳಿ.

ಕಳೆದ ಉಪವಾಸ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ತಾಯಿ ನನ್ನ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದರು. "ಪಾಸ್ಟರೇ, ನನ್ನ ಮಗನ ಹೆಸರು ಅಮೆರಿಕದ ವೀಸಾ ಲಾಟರಿಯಲ್ಲಿ ಬರಲಿ ಅಂತ ಪ್ರಾರ್ಥನೆ ಮಾಡ್ತಾ ಇದ್ದೀನಿ. ಆದ್ರೆ ಅವನ ಹೆಸರು ಬಂದ್ರೆ ಇನ್ನೊಬ್ಬ ತಾಯಿ ಮಗನ ಹೆಸರು ಬಿಟ್ಟುಹೋಗ್ತದಲ್ವಾ? ಹಂಗೆ ಕೇಳೋದು ತಪ್ಪಾ?" ಬಹಳ ವರ್ಷ ಸೇವೆ ಮಾಡಿದವರೂ ಕೇಳದ ಪ್ರಶ್ನೆ ಇದು. ನಾವೆಲ್ಲ ಕೊಡು ಕರ್ತನೇ, ಕೊಡು ಕರ್ತನೇ ಅಂತೀವಿ. ಕೊಟ್ಟರೆ ಯಾರ ತಟ್ಟೆಯಿಂದ ಬಂತು ಅಂತ ನೋಡೋದಿಲ್ಲ. ಆ ಅಮ್ಮ ನೋಡಿದರು.

ಲಾಟರಿ ಅನ್ನೋ ಮಾತು ಕೇಳಿದ ಕೂಡಲೇ ಹಿರಿಯರ ಮುಖ ಸಿಂಡರಿಸ್ತದೆ. ಸರಿಯೇ. 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಷೇಧ ಆಗೋ ಮುಂಚೆ ಕೂಲಿ ಹಣ ಎಲ್ಲಿಗೆ ಹೋಗ್ತಿತ್ತು, ಎಷ್ಟು ಮನೆಗಳ ತಾಳಿ ಅಡವಿಗೆ ಬಿತ್ತು ಅನ್ನೋದು ನಿಮಗೆ ನೆನಪಿದೆ. ಅದು ಜೂಜು. ಸೋತವನ ಹಣವೇ ಗೆದ್ದವನ ಜೇಬಿಗೆ ಹೋಗೋದು. ಆದರೆ ಚೀಟಿ ಎತ್ತೋದೆಲ್ಲ ಜೂಜಲ್ಲ. ಪಂಚಾಯ್ತಿ ಚುನಾವಣೆಯಲ್ಲಿ ಇಬ್ಬರಿಗೆ ಸಮ ಮತ ಬಂದ್ರೆ ಅಧಿಕಾರಿ ಚೀಟಿ ಎತ್ತಿಸ್ತಾರೆ. ಆರ್‌ಟಿಇ ಸೀಟಿಗೆ ಮಕ್ಕಳು ಹೆಚ್ಚಾದ್ರೆ ಲಾಟರಿಯಲ್ಲೇ ಆಯ್ಕೆ. ಇಸ್ರಾಯೇಲ್ಯರಿಗೆ ಯೆಹೋಶುವನು ಶಿಲೋವಿನಲ್ಲಿ ಭೂಮಿ ಹಂಚಿದ್ದೂ ಚೀಟು ಹಾಕಿಯೇ. ಯಾಕೆ? ಯಾರೂ ಗೌಡನ ಮನೆಗೆ ಹೋಗಿ ಕೈ ಬೆಚ್ಚಗೆ ಮಾಡಬಾರದು ಅಂತ. ಹಂಚೋ ವಸ್ತು ಕಮ್ಮಿ, ಯೋಗ್ಯರು ಜಾಸ್ತಿ ಇದ್ದಾಗ, ಚೀಟಿಗೆ ಜಾತಿ ಗೊತ್ತಾಗಲ್ಲ, ಶಿಫಾರಸು ಗೊತ್ತಾಗಲ್ಲ.

ಈಗ ವೀಸಾ ವಿಷಯ. ಇದನ್ನ ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ನಮ್ಮ ಊರುಗಳಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನ ಒಂದೇ ಚೀಲಕ್ಕೆ ತುಂಬಿ ಮಾತಾಡ್ತಾರೆ.

ಒಂದು, ಅಮೆರಿಕದ ಡಿವಿ ಲಾಟರಿ. 1990ರ ಕಾನೂನಿನಿಂದ ಬಂದದ್ದು, ಅದರ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ 55,000 ಜನರಿಗೆ ನೇರವಾಗಿ ಗ್ರೀನ್ ಕಾರ್ಡ್. ಆದರೆ ಹಿಂದಿನ ಐದು ವರ್ಷದಲ್ಲಿ 50,000ಕ್ಕಿಂತ ಹೆಚ್ಚು ವಲಸಿಗರನ್ನ ಕಳಿಸಿದ ದೇಶದವರಿಗೆ ಅದರಲ್ಲಿ ಜಾಗ ಇಲ್ಲ. ಭಾರತ ಆ ಪಟ್ಟಿಯಲ್ಲಿದೆ. ಗಂಡನೋ ಹೆಂಡತಿಯೋ ಅರ್ಹ ದೇಶದಲ್ಲಿ ಹುಟ್ಟಿದ್ದರೆ ಅನ್ನೋಂಥ ಸಣ್ಣ ವಿನಾಯಿತಿ ಬಿಟ್ಟರೆ ಹೊನ್ನಾಳಿಯಲ್ಲಿ ಹುಟ್ಟಿದವನಿಗೆ ಅದು ಮುಚ್ಚಿದ ಬಾಗಿಲು. ಹಾಗಾಗಿ "ನಿಮ್ಮ ಹೆಸರು ಗ್ರೀನ್ ಕಾರ್ಡ್ ಲಾಟರಿಯಲ್ಲಿ ಬಂದಿದೆ, ಇಷ್ಟು ದುಡ್ಡು ಕಟ್ಟಿ" ಅಂತ ಮೇಲ್ ಬಂದ್ರೆ, ವಾಟ್ಸಾಪ್ ಬಂದ್ರೆ, ಅದು ಮೋಸ. ಅಮೆರಿಕ ಸರ್ಕಾರ ಗೆದ್ದವರಿಗೆ ಹಂಗೆ ಮೇಲ್ ಹಾಕೋದೇ ಇಲ್ಲ, ಅರ್ಜಿ ಹಾಕಿದವನೇ ಅವರ ವೆಬ್‌ಸೈಟಿನಲ್ಲಿ ನೋಡ್ಕೋಬೇಕು. ಅಡಿಕೆ ಮಾರಿದ ದುಡ್ಡು ಕಟ್ಟಿ ಬಂದು ಆಮೇಲೆ ಪಾಸ್ಟರೇ ಪ್ರಾರ್ಥನೆ ಮಾಡಿ ಅನ್ನಬೇಡಿ. ಕಟ್ಟೋಕೆ ಮುಂಚೆ ಬನ್ನಿ.

ಎರಡನೇದು ಎಚ್-1ಬಿ. ನಮ್ಮ ಅಮ್ಮ ಕೇಳಿದ್ದು ಇದರ ಬಗ್ಗೆ. ಇದು ಕೆಲಸದ ಪರವಾನಗಿ, ಖಾಯಂ ವಾಸ ಅಲ್ಲ. ವರ್ಷಕ್ಕೆ 65,000, ಅಮೆರಿಕದಲ್ಲೇ ಮಾಸ್ಟರ್ಸ್ ಓದಿದವರಿಗೆ ಇನ್ನೂ 20,000. 2024ರ ಮಾರ್ಚ್‌ನಲ್ಲಿ ಅರ್ಹ ನೋಂದಣಿಗಳೇ ಸುಮಾರು 4 ಲಕ್ಷ 70 ಸಾವಿರ. ಬಂದಮೇಲೂ ಗ್ರೀನ್ ಕಾರ್ಡಿಗೆ ಬೇರೆ ಸಾಲು, ಅಲ್ಲಿ ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ, ನಮ್ಮವರ ಸಾಲು ದಶಕಗಟ್ಟಲೆ ಉದ್ದ.

ಮೂರನೇದು ಕೆನಡಾ. ಇದು ಮಕ್ಕಳಿಗಲ್ಲ, ಅಪ್ಪ-ಅಮ್ಮನಿಗೆ, ಅಜ್ಜ-ಅಜ್ಜಿಗೆ. ಅಲ್ಲಿ ನೆಲೆಸಿದ ಮಗ ಹೆತ್ತವರನ್ನ ಖಾಯಂ ಆಗಿ ಕರೆಸಿಕೊಳ್ಳಬೇಕಂದ್ರೆ 2025ರಲ್ಲಿ ಅವನ ಹೆಸರು ಚೀಟಿಯಲ್ಲಿ ಬರಬೇಕಿತ್ತು. 2019ರಲ್ಲಿ ಮೊದಲು ಬಂದವರಿಗೆ ಮೊದಲು ಅಂತ ಮಾಡಿದಾಗ ಕೆಲವೇ ನಿಮಿಷದಲ್ಲಿ ಎಲ್ಲ ತುಂಬಿಹೋಯ್ತು. ಬೆರಳು ಚುರುಕಿದ್ದವನಿಗೆ ಅಪ್ಪ-ಅಮ್ಮ, ಇಲ್ಲದವನಿಗೆ ಇಲ್ಲ. ಜನ ಕೂಗಾಡಿದರು, 2020ರಲ್ಲಿ ಮತ್ತೆ ಚೀಟಿಗೇ ಬಂದರು. ಆ ವರ್ಷ ಅಕ್ಟೋಬರ್ 13ರಿಂದ ನವೆಂಬರ್ 3ರ ತನಕ ಹೆಸರು ಕೊಟ್ಟವರ ಪಟ್ಟಿಯಿಂದಲೇ 2025ರಲ್ಲೂ ಎತ್ತಿದ್ದಾರೆ. 10,000 ಅರ್ಜಿ ತಗೊಳ್ಳೋಕೆ 17,860 ಮಂದಿಗೆ ಆಹ್ವಾನ. ಐದು ವರ್ಷ ಅಂದ್ರೆ, ಎಪ್ಪತ್ತು ದಾಟಿದ ತಾಯಿಗೆ ಐದು ವರ್ಷ ಅಂದ್ರೆ ಏನು ಅಂತ ನಾನು ಹೇಳಬೇಕಾಗಿಲ್ಲ.

ಈಗ ವಾಕ್ಯಕ್ಕೆ ಬರೋಣ. ಯೂದನ ಜಾಗ ಖಾಲಿ ಇದೆ. ಮೇಲ್ಮಾಳಿಗೆಯಲ್ಲಿ ಸುಮಾರು 120 ಜನ. ಪೇತ್ರನು ಅರ್ಹತೆ ಹೇಳ್ತಾನೆ: ಯೋಹಾನನ ದೀಕ್ಷಾಸ್ನಾನದ ದಿನದಿಂದ ಕರ್ತನು ಏರಿಹೋದ ದಿನದ ತನಕ ನಮ್ಮ ಜೊತೆ ಇದ್ದವನಾಗಿರಬೇಕು. ಇಬ್ಬರು ಸಿಕ್ಕಿದರು. ಬಾರ್ಸಬನೆಂಬ ಯೋಸೇಫ, ಅವನಿಗೆ ಯೂಸ್ತ ಅಂತಲೂ ಹೆಸರು. ಇನ್ನೊಬ್ಬ ಮತ್ತೀಯ. ಇಬ್ಬರೂ ಅರ್ಹರು, ಇಬ್ಬರ ಹೆಸರನ್ನೂ ದೇವರ ಮುಂದೆ ಇಟ್ಟರು, ಎಲ್ಲರ ಹೃದಯ ಬಲ್ಲವನೇ ನೀನು ಯಾರನ್ನು ಆರಿಸಿದ್ದೀ ತೋರಿಸು ಎಂಬ ಅರ್ಥದಲ್ಲಿ ಪ್ರಾರ್ಥಿಸಿದರು. ಚೀಟು ಮತ್ತೀಯನಿಗೆ ಬಿತ್ತು.

ಎಲ್ಲ ಪ್ರಸಂಗಗಳೂ ಮತ್ತೀಯನ ಕಡೆ ಹೋಗ್ತವೆ. ಇವತ್ತು ಯೂಸ್ತನ ಪಕ್ಕ ಕೂತ್ಕೊಳ್ಳೋಣ ಬನ್ನಿ. ಮೂರು ವರ್ಷ ಹಿಂದೆ ಸುತ್ತಿದ್ದಾನೆ. ಕಾಲು ಸವೆಸಿದ್ದಾನೆ. ಪಾಪ ಮಾಡಿದ್ದಾನೆ ಅಂತ ವಾಕ್ಯ ಹೇಳಲ್ಲ. ನಂಬಿಕೆ ಕಮ್ಮಿ ಅಂತ ಹೇಳಲ್ಲ. ಅರ್ಹ ಅಂತಲೇ ಹೇಳ್ತದೆ. ಆದ್ರೂ ಬೀಳಲಿಲ್ಲ. ಆಮೇಲೆ ಕೃತ್ಯಗಳ ಪುಸ್ತಕದಲ್ಲಿ ಅವನ ಹೆಸರು ಎಲ್ಲೂ ಇಲ್ಲ. ಹೌದು, ಆದ್ರೆ ಮತ್ತೀಯನ ಹೆಸರೂ ಇಲ್ಲ ನೋಡ್ರಿ!

ಇದು ನಮ್ಮ ಸಭೆಗೆ ನೇರವಾಗಿ ಬರೋ ಮಾತು. ವೀಸಾ ಬಂದವರು ಮುಂದೆ ಬಂದು ಸಾಕ್ಷಿ ಹೇಳ್ತಾರೆ. ನಲವತ್ತು ದಿನ ಉಪವಾಸ ಮಾಡಿದೆ, ಕರ್ತನು ಬಾಗಿಲು ತೆರೆದನು. ಚಪ್ಪಾಳೆ. ಹಲ್ಲೆಲೂಯಾ. ನಾನೂ ಹೇಳ್ತೀನಿ ಹಲ್ಲೆಲೂಯಾ. ಆದ್ರೆ ಹಿಂದಿನ ಸಾಲಿನಲ್ಲಿ ಅದೇ ನಲವತ್ತು ದಿನ ಉಪವಾಸ ಮಾಡಿದ ಇನ್ನೊಬ್ಬ ಕೂತಿರ್ತಾನೆ. ಅವನಿಗೆ ಮೂರನೇ ವರ್ಷವೂ ಬಂದಿಲ್ಲ. ಅವನ ಕಿವಿಗೆ ಆ ಸಾಕ್ಷಿ ಹೆಂಗೆ ಕೇಳಿಸ್ತದೆ? ನಿನ್ನ ಪ್ರಾರ್ಥನೆಯಲ್ಲಿ ಏನೋ ಕೊರತೆ ಇದೆ ಅಂತ ಕೇಳಿಸ್ತದೆ. ಮನೆಯಲ್ಲಿ ಯಾರೋ ದೊಡ್ಡವರು ಬಾಯಿಬಿಟ್ಟು ಹೇಳಿಯೂ ಹೇಳ್ತಾರೆ, "ನೀನು ದಶಮಾಂಶ ಸರಿಯಾಗಿ ಕೊಡ್ತಿಲ್ಲ ಕಣೋ." ಇದನ್ನ ಕೇಳಿದಾಗ ನನಗೆ ಸಿಟ್ಟು ಬರ್ತದೆ. ವಾಕ್ಯದಲ್ಲಿ ಇಲ್ಲದ್ದನ್ನ ಆ ಹುಡುಗನ ತಲೆಗೆ ಕಟ್ಟಬೇಡಿ.

ಒಬ್ಬ ತಮ್ಮ ಕೇಳಬಹುದು, ಹಾಗಾದ್ರೆ ಜ್ಞಾನೋಕ್ತಿ ಏನಾಯ್ತು ಪಾಸ್ಟರೇ? ಚೀಟಿ ಮಡಿಲಿಗೆ ಬೀಳ್ತದೆ, ತೀರ್ಪು ದೇವರದ್ದು ಅಂತ ಅಲ್ಲಿ ಇದೆಯಲ್ಲ? ಇದೆ. ನಾನು ನಂಬ್ತೀನಿ. ಆದ್ರೆ ತೀರ್ಪು ದೇವರದ್ದು ಅನ್ನೋದು ಒಂದು ಮಾತು. ಆ ತೀರ್ಪನ್ನ ನೋಡಿ ದೇವರ ಮನಸ್ಸು ನಾನು ಓದಿಬಿಡ್ತೀನಿ ಅನ್ನೋದು ಇನ್ನೊಂದು ಮಾತು. ಮೊದಲನೇದು ನಂಬಿಕೆ. ಎರಡನೇದು ಗಿಳಿಶಾಸ್ತ್ರ. ಕ್ರೂಜೆಯ ಕೆಳಗೆ ಏನಾಯ್ತು? ಹೊಲಿಗೆ ಇಲ್ಲದ ಆ ಒಳಂಗಿಗೆ ಸಿಪಾಯಿಗಳು ಚೀಟು ಹಾಕಿದರು, ಯೋಹಾನ 19. ಒಬ್ಬನಿಗೆ ಬಿತ್ತು. ಆ ತೀರ್ಪೂ ದೇವರ ಕೈಯೊಳಗೇ ಇತ್ತು, ಕೀರ್ತನೆ 22ರಲ್ಲಿ ಮುಂಚೆಯೇ ಅದರ ಸೂಚನೆ ಇತ್ತು. ಹಾಗಂತ ಆ ಸಿಪಾಯಿ ಮನೆಗೆ ಹೋಗಿ ಹೆಂಡತಿಗೆ ಅಂಗಿ ತೋರಿಸಿ ದೇವರು ನನ್ನನ್ನ ಮೆಚ್ಚಿದ್ದಾನೆ ಅಂದ್ರೆ ಒಪ್ಕೊಳ್ತೀರಾ? ಕೆಳಗೆ ಇದ್ದವನಿಗೆ ಅಂಗಿ ಸಿಕ್ಕಿತು. ಮೇಲೆ ಇದ್ದವನಿಗೆ ಏನೂ ಉಳಿಯಲಿಲ್ಲ. ತಂದೆ ಮೆಚ್ಚಿದ್ದು ಯಾರನ್ನ?

ಮತ್ತೀಯನ ಚೀಟು ಒಂದನೇ ಅಧ್ಯಾಯದಲ್ಲಿ. ಎರಡನೇ ಅಧ್ಯಾಯ ತೆಗೆಯಿರಿ. ಪಂಚಾಶತ್ತಮ ಹಬ್ಬದ ದಿನ ಎಲ್ಲರೂ ಒಂದೇ ಸ್ಥಳದಲ್ಲಿ ಸೇರಿದ್ದಾರೆ, ಬೆಂಕಿಯಂಥ ನಾಲಿಗೆಗಳು ಒಬ್ಬೊಬ್ಬರ ಮೇಲೂ ಕೂತವು. ಯೂಸ್ತನು ಎದ್ದು ಹೋಗಿದ್ದ ಅಂತ ಬರೆದಿಲ್ಲ. ಚೀಟು ಬೀಳದ ತಲೆಯ ಮೇಲೂ ಬೆಂಕಿ ಬಿತ್ತು ಅಂತ ನಾನು ನಂಬ್ತೀನಿ. ಆ ದಿನದ ಮೇಲೆ ಕೃತ್ಯಗಳಲ್ಲಿ ಸಭೆ ಮತ್ತೆ ಚೀಟು ಹಾಕಿದ್ದು ಕಾಣೋದಿಲ್ಲ. ಅಂತಿಯೋಕ್ಯದಲ್ಲಿ ಬಾರ್ನಬ, ಸೌಲರನ್ನ ಕಳಿಸುವಾಗ ಪವಿತ್ರಾತ್ಮನು ಮಾತಾಡಿದನು. ದೇವರ ಚಿತ್ತ ತಿಳಿಯೋಕೆ ನಮಗೆ ಆತ್ಮನಿದ್ದಾನೆ. ಸರ್ಕಾರದ ಕಂಪ್ಯೂಟರ್ ನಮಗೆ ಪ್ರವಾದಿಯಲ್ಲ.

ಇನ್ನು ಒಂದು ಮಾತು ಕಷ್ಟವಾದದ್ದು. 2023ರಲ್ಲಿ ಎಚ್-1ಬಿಗೆ 7 ಲಕ್ಷ 80 ಸಾವಿರ ನೋಂದಣಿ ಬಂದಿತ್ತು. ಅದರಲ್ಲಿ 4 ಲಕ್ಷಕ್ಕೂ ಹೆಚ್ಚು, ಒಂದಕ್ಕಿಂತ ಹೆಚ್ಚು ಬಾರಿ ಹೆಸರು ಹಾಕಿಸಿದವರದು. ನಿಜವಾಗಲೂ ಎರಡು ಕಂಪನಿ ಕೆಲಸ ಕೊಟ್ಟವರೂ ಇದ್ದರು. ಇಲ್ಲದ ಕೆಲಸ ತೋರಿಸಿ ಐದು ಕಡೆಯಿಂದ ಹೆಸರು ಹಾಕಿಸಿದವರೂ ಇದ್ದರು. ಅಲ್ಲಿನ ಅಧಿಕಾರಿಗಳಿಗೇ ಅನುಮಾನ ಬಂದು ಮುಂದಿನ ವರ್ಷದಿಂದ ಒಬ್ಬ ಮನುಷ್ಯನಿಗೆ ಒಂದೇ ಚೀಟಿ ಅಂತ ಮಾಡಿದರು. ಈ ಬಾಗಿಲು ಮುಚ್ಚಿದ್ರೆ ಇನ್ನೊಂದು ಕಳ್ಳಕಿಂಡಿ ಹುಡುಕ್ತಾರೆ. ನೀವು ಐದು ಚೀಟಿ ಹಾಕಿ, ಆಮೇಲೆ ತೀರ್ಪು ಕರ್ತನದ್ದು ಅಂದ್ರೆ ಆ ಮಾತಿಗೆ ಅರ್ಥ ಇಲ್ಲ. ಒಂದೇ ಚೀಟಿ ಹಾಕಿ ಬಿಟ್ಟುಹೋದ ಹುಡುಗನ ಜಾಗ ನಿಮ್ಮ ಹತ್ತಿರ ಇದೆ. ಆ ಅಮ್ಮನ ಪ್ರಶ್ನೆಗೆ ಇಲ್ಲಿ ನನ್ನ ಉತ್ತರ ಇದೆ. ಕೇಳಿರಿ, ಧಾರಾಳವಾಗಿ ಕೇಳಿರಿ, ಮಗು ತಂದೆಯನ್ನ ಕೇಳೋದು ತಪ್ಪಲ್ಲ. ಒಂದೇ ಚೀಟಿ ಹಾಕಿ ಕೇಳಿರಿ. ಮತ್ತು ಆ 120 ಜನ ಮಾಡಿದ ಹಾಗೆ ಇಬ್ಬರ ಹೆಸರನ್ನೂ ದೇವರ ಮುಂದೆ ಇಟ್ಟು ಕೇಳಿರಿ. ಇನ್ನೊಬ್ಬ ತಾಯಿಯ ಮಗನ ಹೆಸರು ನಿಮಗೆ ಗೊತ್ತಿಲ್ಲ, ಕರ್ತನಿಗೆ ಗೊತ್ತು.

ಚೀಟಿ ಬಿದ್ದವರಿಗೂ ಒಂದು ಮಾತಿದೆ. ಕೆನಡಾದ ಮಗನ ಹೆಸರು ಬಂತು ಅಂತ ಇಟ್ಕೊಳ್ಳಿ. ಅವನು ಇಪ್ಪತ್ತು ವರ್ಷ ನಿಮ್ಮ ಖರ್ಚು ನೋಡ್ಕೊಳ್ತೀನಿ ಅಂತ ಸರ್ಕಾರಕ್ಕೆ ಬರೆದುಕೊಡಬೇಕು. ನೀವು ಐದು ವರ್ಷದಲ್ಲಿ ಒಟ್ಟು 730 ದಿನವಾದರೂ ಅಲ್ಲಿ ಇರಬೇಕು. ಇಲ್ಲಿ ತೋಟಕ್ಕೆ ಯಾರು, ಹಾಸಿಗೆ ಹಿಡಿದ ಅತ್ತೆಗೆ ಯಾರು? ಬಾಗಿಲು ತೆರೆದದ್ದೆಲ್ಲ ಹೋಗಲೇಬೇಕಾದ ಬಾಗಿಲು ಅಂತ ವಾಕ್ಯ ಎಲ್ಲೂ ಹೇಳಲ್ಲ. ಬೇಡ ಅನ್ನೋದಕ್ಕೂ ಪ್ರಾರ್ಥನೆ ಬೇಕು. ಬೇಡ ಅಂದ ತಾಯಿಯನ್ನ ನಂಬಿಕೆ ಇಲ್ಲದವಳು ಅನ್ನಬೇಡಿ.

ಯಾವ ಚೀಟಿಯೂ ಇಲ್ಲದೆ ಹೋಗುವವರನ್ನೂ ನೆನೆಸಿಕೊಳ್ಳಿ. ನಮ್ಮ ಚನ್ನಗಿರಿ ತಾಲೂಕಿನ ಹಕ್ಕಿಪಿಕ್ಕಿ ಜನ ಎಣ್ಣೆ, ಗಿಡಮೂಲಿಕೆ ಮಾರೋಕೆ ಆಫ್ರಿಕಾ ತನಕ ಹೋಗ್ತಾರೆ. 2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಯುದ್ಧ ಹತ್ತಿದಾಗ ಗುಂಡಿನ ಸದ್ದಿನ ನಡುವೆ ನೀರಿಲ್ಲದೆ ಸಿಕ್ಕಿಹಾಕ್ಕೊಂಡಿದ್ದರು, ಆಪರೇಷನ್ ಕಾವೇರಿಯಲ್ಲಿ ವಾಪಸ್ ಬಂದರು. ವೀಸಾ ಪ್ರಾರ್ಥನೆ ಚೀಟಿಗಳು ನನ್ನ ಬೈಬಲ್ ತುಂಬ ಇವೆ. ಅವರಿಗಾಗಿ ಒಂದು ಚೀಟಿ ಯಾರೂ ಬರೆದುಕೊಟ್ಟಿರಲಿಲ್ಲ.

ಈಗ ಎದ್ದು ನಿಲ್ಲಿ. ಈ ಸಲ ಹೆಸರು ಬಂದವರು ಇದ್ದಲ್ಲೇ ಇರಿ, ಬಾರದವರು ಮುಂದೆ ಬನ್ನಿ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಹೆಸರು ಬಂದವರೇ ಅವರ ಹಿಂದೆ ಬಂದು ಹೆಗಲ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡ್ರಿ. ವಾದ್ಯ ನುಡಿಸೋರು ಸ್ವಲ್ಪ ಮೆಲ್ಲಗೆ. ಪರಲೋಕದ ತಂದೆಯೇ...