ಹಳೆಯ ಗಣಕ, ಹಾಡಿದವರ ಹಂಗು

ವಸ್ತುವೊಂದು ಕೆಟ್ಟಾಗ ಅದನ್ನು ಸರಿಪಡಿಸಬೇಕೆ ಬೇಡವೆ ಎಂಬ ಪ್ರಶ್ನೆ ನಮ್ಮ ಹಿರಿಯರಿಗೆ ಹುಟ್ಟುತ್ತಲೇ ಇರಲಿಲ್ಲ. ತೂತು ಬಿದ್ದ ಕೊಡಕ್ಕೆ ಬೆಸುಗೆ, ಹಿತ್ತಾಳೆಯ ಪಾತ್ರೆಗೆ ಕಲಾಯಿ, ಹರಿದ ಕಂಬಳಿಗೆ ತೇಪೆ. ಇವೆಲ್ಲ ಬಡತನ ಕಲಿಸಿದ ವಾಡಿಕೆಗಳು. ಅವನ್ನೇ ಈಗ ದೊಡ್ಡ ನೀತಿಯೆಂದು ಹಾಡಿಹೊಗಳುವುದು ಸ್ವಲ್ಪ ಅತಿಯೆಂದೇ ನನ್ನ ಭಾವನೆ. ಅಂಗಡಿಯಲ್ಲಿ ಹೊಸದು ಸಿಗುವಾಗ ಹಳೆಯದರ ಮುಂದೆ ಕುಳಿತು ಹೊತ್ತು ಕಳೆಯುವುದೇಕೆ ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳಲೇಬೇಕಾಗುತ್ತದೆ.

ಚಿತ್ರದುರ್ಗದಲ್ಲಿ ನಾನು ಪಾಠ ಹೇಳುವ ಕಾಲೇಜಿನ ಕನ್ನಡ ವಿಭಾಗದಲ್ಲಿ 2003ರಲ್ಲಿ ಕೊಂಡ ಗಣಕಯಂತ್ರವೊಂದಿದೆ. ಆ ಕಾಲದ ವಿದ್ಯಾರ್ಥಿಗಳು ಹಿರಿಯೂರು, ಹೊಸದುರ್ಗ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಅಲೆದು ಬರೆದುಕೊಂಡು ಬಂದ ಜುಂಜಪ್ಪನ ಹಾಡುಗಳೂ ಸೋಬಾನೆ ಪದಗಳೂ ಅದರ ಹೊಟ್ಟೆಯಲ್ಲಿವೆ. ಕೈಬರಹದ ಹಾಳೆಗಳು ಗೆದ್ದಲಿನ ಪಾಲಾದುವು; ಹಾಡಿದವರಲ್ಲಿ ಬಹುಮಂದಿ ಈಗಿಲ್ಲ. ಕಳೆದ ವರ್ಷ ಯಂತ್ರ ಏಳಲೊಲ್ಲೆನೆಂದಿತು. ಗುಂಡಿ ಒತ್ತಿದರೆ ಫ್ಯಾನು ಗಿರ್ರೆನ್ನುವುದು, ಎರಡು ಮೂರು ಸಲ ಕೀರಲುದನಿ ಕೇಳುವುದು, ಪರದೆ ಮಾತ್ರ ಕಪ್ಪು.

"ಗುಜರಿಗೆ ಹಾಕಿ ಸಾರ್. ಜನಪದ ಗೀತೆಗಳ ಸಂಕಲನಗಳು ಬೇಕಾದಷ್ಟಿವೆ. ಇನ್ನೊಂದೈವತ್ತು ಹಾಡು ಹೋದರೆ ಕನ್ನಡವೇನು ಬಡವಾಗುತ್ತದೆಯೆ?" ಎಂದರು ಸಹೋದ್ಯೋಗಿಯೊಬ್ಬರು. ಮಾತು ಒರಟಾದರೂ ಪೂರ್ತಿ ಸುಳ್ಳಲ್ಲ. ಆ ಹಾಡುಗಳಲ್ಲಿ ಕೆಲವು ಬೇರೆಡೆ ಅಚ್ಚಾಗಿರಲೂಬಹುದು. ಆದರೆ ಕನ್ನಡದ ಸಿರಿತನದಿಂದ ತೂಗಹೊರಟರೆ ತಕ್ಕಡಿಯೇ ತಪ್ಪಾಯಿತು. ಕೂಲಿ ಬಿಟ್ಟು ಅರ್ಧ ದಿನ ಕುಳಿತು ಅಜ್ಜಿಯೊಬ್ಬಳು ಹಾಡಿದಳು; "ಬರೆದಿಟ್ಕೋತೀವಿ ಕಣಜ್ಜಿ" ಎಂದು ನಮ್ಮ ಹುಡುಗರು ಹೇಳಿದ್ದರು. ಆ ಮಾತಿನ ಭಾರ ಹಾಡಿನ ಬೆಲೆಯಿಂದ ಹುಟ್ಟಿದ್ದಲ್ಲ. ಹಾಡು ಸಾಧಾರಣವಾಗಿದ್ದರೂ ಮಾತು ಮಾತೇ.

ರಿಪೇರಿಗೆ ಬಂದವನು ಹೊಳಲ್ಕೆರೆಯ ಹುಡುಗ. ಅವನು ಏನನ್ನೂ ಊಹಿಸಲಿಲ್ಲ. ಕೆಪಾಸಿಟರುಗಳ ತಲೆ ಉಬ್ಬಿದೆಯೇ ಎಂದು ಟಾರ್ಚು ಹಿಡಿದು ನೋಡಿದ, ಉಬ್ಬಿರಲಿಲ್ಲ. "ಕೂಗ್ತಾ ಇದೆಯಲ್ಲ ಸಾರ್, ಜೀವ ಇದೆ" ಎಂದ. ಮೆಮೊರಿಯ ಪಟ್ಟಿಯನ್ನು ಕಿತ್ತು, ಅದರ ಹೊಂಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ನಾಣ್ಯದಂಥ 3 ವೋಲ್ಟಿನ ಬ್ಯಾಟರಿಯನ್ನೂ ಬದಲಾಯಿಸಿದ. ಯಂತ್ರ ಎದ್ದಿತು, ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸಿತು!

ಹಾಡುಗಳನ್ನೆಲ್ಲ ನಕಲು ಮಾಡಿ ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹಳೆಯ 'ನುಡಿ'ಯಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕುಳಿತಿದ್ದವು. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳುಂಟು. ಪರಿವರ್ತಿಸುವ ತಂತ್ರಾಂಶಗಳಿವೆ, ನಿಜ. ಆದರೆ ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪುತ್ತವೆ. ಹಟ್ಟಿಯ ಆಡುಮಾತಿನಲ್ಲಿ ಯಾವುದು ತಪ್ಪು, ಯಾವುದು ಅಜ್ಜಿಯ ಉಚ್ಚಾರ ಎಂದು ತಿಳಿಯಲು ಹಳೆಯ ಪರದೆಯೇ ಸಾಕ್ಷಿ.

ಉಳಿದಿದ್ದೂ ಓದಲಾಗದ ಬರಹಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ನಿದರ್ಶನವಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನಕ್ಕೆ ವಿದ್ಯುತ್ತು ಬೇಡ, ಬ್ಯಾಟರಿ ಬೇಡ. ಎರಡು ಸಾವಿರ ವರ್ಷಕ್ಕೂ ಮೀರಿ ತಾನಾಗಿ ನಿಂತಿದೆ. ಆದರೂ ಬ್ರಾಹ್ಮಿಯನ್ನು ಮರೆತವರಿಗೆ ಅದು ಗೀರು ಬಿದ್ದ ಬಂಡೆಯಷ್ಟೆ. ಪ್ರಿನ್ಸೆಪ್ 1837ರಲ್ಲಿ ಲಿಪಿಯನ್ನು ಬಿಡಿಸಿದ ಮೇಲೆ, 1892ರಲ್ಲಿ ರೈಸ್ ಅದನ್ನು ಕಂಡ ಮೇಲೆ, ಬಂಡೆಗೆ ಬಾಯಿ ಬಂತು. ಬರೆದ ಚಪಡನು ತನ್ನ ಹೆಸರಿನ ಮುಂದೆ 'ಲಿಪಿಕಾರ' ಎಂಬುದನ್ನು ದೂರದ ವಾಯವ್ಯದ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಈ ಕಡೆ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರು? ಆದರೂ ಬರೆದ. ಬಾಳಿದ್ದು ಕಲ್ಲಿನ ಗುಣ. ಓದುವುದು ಬೇರೆಯವರ ಪಾಲಿಗೆ ಬಿಟ್ಟ ಕೆಲಸ.

ಈಗ ತರಗತಿ ಮುಗಿದ ಮೇಲೆ ಇಬ್ಬರು ವಿದ್ಯಾರ್ಥಿನಿಯರೂ ನಾನೂ ಹಳೆಯ ಪರದೆಯನ್ನು ನೋಡಿ ಹೊಸದರಲ್ಲಿ ತಿದ್ದುತ್ತಿದ್ದೇವೆ. ಹದಿನೇಳು ಹಾಡು ಮುಗಿದಿವೆ. ಹದಿನೆಂಟನೆಯದು ನಡುವೆಯೇ ನಿಂತಿದೆ. ಅಂದು ಬೆರಳಚ್ಚು ಮಾಡಿದವರು ಕೆಳಗೆ ಹೀಗೆ ಗುರುತು ಹಾಕಿದ್ದಾರೆ: 'ಅಜ್ಜಿಗೆ ಕೆಮ್ಮು ಬಂತು. ಉಳಿದದ್ದು ನಾಳೆ.' ಮುಂದಿನ ಕಡತ ಬೇರೆ ಹಟ್ಟಿಯದು.