ಕೊಟ್ಟ ಕಾರ್ಡಿಗೆ ಓಗೊಡುವುದು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ಊರುಗಳ ಯಾವ ಗೊಬ್ಬರದಂಗಡಿಗೆ, ಹಾರ್ಡ್‌ವೇರ್ ಅಂಗಡಿಗೆ ಹೋದರೂ ಮೇಜಿನ ಗಾಜಿನಡಿಯಲ್ಲಿ ವಿಸಿಟಿಂಗ್ ಕಾರ್ಡುಗಳು ಕಾಣುತ್ತವೆ. ಬೋರ್‌ವೆಲ್ ಲಾರಿಯವರದು, ಮೋಟರ್ ವೈಂಡಿಂಗ್ ಮಾಡುವವರದು, ಜೆಸಿಬಿ ಬಾಡಿಗೆಗೆ ಬಿಡುವವರದು, ಶುಂಠಿ ವ್ಯಾಪಾರಿಗಳದು, ಶಾಮಿಯಾನದವರದು, ವಾಲಗದವರದು. ಹೊಗೆಸೊಪ್ಪಿನ ಹರಾಜು ನಡೆಯುವ ತಿಂಗಳುಗಳಲ್ಲಿ ಈ ಸೀಮೆಯ ರೈತರ ಕೈಯಲ್ಲಿ ಒಂದಿಷ್ಟು ದುಡ್ಡು ಓಡಾಡುತ್ತದೆ. ಮನೆಗೆ ತಾರಸಿ ಹಾಕಿಸುವುದು, ಕೊಳವೆಬಾವಿ ಕೊರೆಸುವುದು, ಮಗಳ ಮದುವೆ, ಎಲ್ಲ ಮಾತಿಗೆ ಬರುವುದು ಆಗಲೇ. ಅಂಗಡಿಯವನು ಗಾಜೆತ್ತಿ ಒಂದು ಕಾರ್ಡು ತೆಗೆದು, "ಇವರಿಗೊಂದು ಫೋನ್ ಮಾಡಿ ನೋಡಿ, ಒಳ್ಳೇ ಕೆಲಸಗಾರ್ರು" ಅಂತ ಕೊಡುತ್ತಾನೆ. ಆ ಒಂದು ಮಾತಿನಲ್ಲಿ ಇಬ್ಬರ ಮರ್ಯಾದೆ ಇದೆ. ಒಂದು, ಕಾರ್ಡಿನ ಮೇಲೆ ಹೆಸರಿರುವವನದು. ಇನ್ನೊಂದು, ಅದನ್ನು ಎತ್ತಿಕೊಟ್ಟವನದು.

ಅಂಗೈಗಿಂತ ಚಿಕ್ಕದಾದ ಈ ಕಾಗದದ ತುಂಡು ಒಂದು ಮಾತು ಕೊಡುತ್ತದೆ: ಕರೆದರೆ ಬರುತ್ತೇನೆ. ಅದನ್ನು ಹೇಗೆ ಅಚ್ಚು ಹಾಕಿಸಬೇಕು ಎಂಬ ಪ್ರಶ್ನೆಯನ್ನು ನಾವು ಬರೀ ಖರ್ಚಿನ ಲೆಕ್ಕದಲ್ಲಿ ಬಗೆಹರಿಸುತ್ತಿದ್ದೇವೆ. ಕೊಟ್ಟ ಮಾತಿನ ಲೆಕ್ಕದಲ್ಲೂ ಅದನ್ನು ನೋಡಬೇಕು ಎನ್ನುವುದು ನನ್ನ ಆಸೆ.

ಇಂದು ಹೊಸದಾಗಿ ಕೆಲಸ ಶುರುಮಾಡುವ ಹುಡುಗ ಹುಡುಗಿಯರ ಮುಂದೆ ಎರಡು ಸಲೀಸು ದಾರಿಗಳಿವೆ. ಮನೆಯಲ್ಲೇ ಪ್ರಿಂಟರ್ ಇದ್ದರೆ ಅದರಲ್ಲೇ ತೆಗೆದುಕೊಳ್ಳುವುದು. ಇಲ್ಲವೇ ಫೋನಿನಲ್ಲಿ ಒಂದು ಮಾದರಿ ಆರಿಸಿ, ಹೆಸರು ತುಂಬಿ, ಆರ್ಡರ್ ಮಾಡಿ ಕೊರಿಯರ್‌ಗೆ ಕಾಯುವುದು.

ಮನೆಯ ಅಚ್ಚಿನ ಮಿತಿಗಳು ಕೈಗೇ ಗೊತ್ತಾಗುವಂಥವು. ಒಂದು ಎ4 ಹಾಳೆಯ ಅಳತೆ 210 ಮಿಲಿಮೀಟರಿಗೆ 297. ನಮ್ಮಲ್ಲಿ ರೂಢಿಯ ಕಾರ್ಡು ಹೆಚ್ಚುಕಡಿಮೆ 90ಕ್ಕೆ 54. ಎರಡು ಸಾಲಿನಲ್ಲಿ ಐದೈದರಂತೆ ಹಾಳೆಗೆ ಹತ್ತು ಕಾರ್ಡು. ಅಂಗಡಿಯಲ್ಲಿ ಸಿಗುವ ನುಣುಪಾದ ಆರ್ಟ್ ಕಾರ್ಡ್ ತಂದು ಇಂಕ್‌ಜೆಟ್ಟಿಗೆ ತುರುಕಿದರೆ ಶಾಯಿ ಒಳಗೆ ಇಳಿಯದೆ ಮೇಲೆಯೇ ನಿಂತು, ಬೆರಳು ತಾಕಿದರೆ ಹರಡುತ್ತದೆ. ಇಂಕ್‌ಜೆಟ್ಟಿಗೆಂದೇ ಲೇಪ ಕೊಟ್ಟ ಮ್ಯಾಟ್ ಹಾಳೆ ಬೇಕು. ಕತ್ತರಿ ಹಾಕಿದರೆ ಅಂಚು ಅಂಕುಡೊಂಕು. ಸ್ಟೀಲ್ ಸ್ಕೇಲು, ಹರಿತವಾದ ಬ್ಲೇಡು, ಅವಸರವಿಲ್ಲದ ಕೈ ಬೇಕು. ನೀರಿನಲ್ಲಿ ಕರಗುವ ಬಣ್ಣದ ಶಾಯಿಯಾದರೆ ಮಳೆಗಾಲದಲ್ಲಿ ಅಂಗಿ ಜೇಬಿನ ಬೆವರು ತಾಗಿದರೂ ನಂಬರು ಮಸುಕಾಗುತ್ತದೆ. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು 1962ರ ಚುನಾವಣೆಯಿಂದ ದೇಶಕ್ಕೆಲ್ಲ ಕೊಡುತ್ತಿರುವುದು ನಮ್ಮ ಜಿಲ್ಲೆಯದೇ ಕಾರ್ಖಾನೆ, ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಹುಟ್ಟಿದ ಮೈಸೂರು ಪೇಂಟ್ಸ್. ಮನೆಯ ಪ್ರಿಂಟರಿನ ಶಾಯಿಗೆ ಆ ಹಟವಿಲ್ಲ.

ಆದರೂ ಮನೆಯ ಅಚ್ಚನ್ನು ಕೀಳಾಗಿ ಕಾಣಲು ನನಗೆ ಮನಸ್ಸಿಲ್ಲ. ಹಾಳೆಗೆ ಹತ್ತೇ ಬರುವುದರಲ್ಲಿ ಒಂದು ಒಳ್ಳೆಯ ಶಿಸ್ತಿದೆ. ಹತ್ತು ಕಾರ್ಡು ಕೈಯಲ್ಲಿದ್ದಾಗ ಯಾರಿಗೆ ಕೊಡಬೇಕು ಎಂದು ಯೋಚಿಸುತ್ತೇವೆ. ಈ ಅಂಗಡಿಗೊಂದು, ಆ ಮೇಸ್ತ್ರಿಗೊಂದು, ಹಾಲಿನ ಡೇರಿಯ ಕಾರ್ಯದರ್ಶಿಗೊಂದು. ಕೊಟ್ಟ ಮುಖಗಳು ನೆನಪಿರುತ್ತವೆ. ಅವರಲ್ಲೊಬ್ಬರು ಫೋನ್ ಮಾಡಿದರೆ ಧ್ವನಿಯಲ್ಲೇ ಗುರುತು ಸಿಗುತ್ತದೆ.

ಆನ್‌ಲೈನಿನ ಅಗ್ಗದ ಗುಟ್ಟು ಬೇರೆ. ಆಫ್‌ಸೆಟ್ ಮುದ್ರಣದಲ್ಲಿ ಖರ್ಚು ಹೆಚ್ಚಾಗಿ ಬೀಳುವುದು ಪ್ಲೇಟು ಮಾಡಿ ಯಂತ್ರ ಹದಕ್ಕೆ ತರುವುದಕ್ಕೆ. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು. ಯಂತ್ರ ಓಡಲು ಶುರುವಾದ ಮೇಲೆ ಇನ್ನೊಂದು ನೂರು ಪ್ರತಿಗೆ ತಗಲುವುದು ಕಾಗದದ ಬೆಲೆ, ಚೂರು ಶಾಯಿ ಅಷ್ಟೆ. ಹೀಗಾಗಿ ದೊಡ್ಡ ಮುದ್ರಕರು ಒಂದೇ ದೊಡ್ಡ ಹಾಳೆಯ ಮೇಲೆ ಹತ್ತಾರು ಗಿರಾಕಿಗಳ ಕಾರ್ಡುಗಳನ್ನು ಒತ್ತೊತ್ತಾಗಿ ಕೂರಿಸಿ ಒಟ್ಟಿಗೆ ಓಡಿಸುತ್ತಾರೆ. ಪ್ಲೇಟಿನ ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ. ಕಲ್ಕುಣಿಕೆಯ ಮೋಟರ್ ಮೆಕ್ಯಾನಿಕ್ಕಿನ ಹೆಸರು, ಯಾವುದೋ ದೂರದ ಊರಿನ ದಂತವೈದ್ಯರ ಹೆಸರು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಅಚ್ಚಾಗಿ, ಕಟಿಂಗ್ ಯಂತ್ರದಡಿಯಲ್ಲಿ ಬೇರೆಯಾಗುತ್ತವೆ. ಬುದ್ಧಿವಂತಿಕೆಯ ವ್ಯವಸ್ಥೆ ಅದು. ಕಾಗದ ಗಟ್ಟಿ, ಅಂಚು ನೇರ, ಬಣ್ಣ ಒಂದೇ ಸಮ. ಅಷ್ಟನ್ನು ಮನೆಯಲ್ಲಿ ಯಾರೂ ಮಾಡಲಾರರು.

ನನ್ನ ಅಳುಕು ಇರುವುದು ಸಂಖ್ಯೆಯಲ್ಲಿ. ನೂರಕ್ಕೂ ಸಾವಿರಕ್ಕೂ ಬೆಲೆಯ ಅಂತರ ಕಡಿಮೆಯಾದ ಕೂಡಲೇ ಸಾವಿರವೇ ಲಾಭವೆಂದು ತೋರುತ್ತದೆ. ನೂರು ಜನಕ್ಕೆ ಓಗೊಡಬಲ್ಲವನು ಸಾವಿರ ಜನಕ್ಕೆ ಮಾತು ಕೊಡುತ್ತಾನೆ. ಸಂತೆಯಲ್ಲಿ, ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ ಹಂಚುತ್ತಾನೆ. ಬೇಸಿಗೆಯಲ್ಲಿ ಮೋಟರು ಸುಟ್ಟುಹೋದ ರೈತ ಆ ನಂಬರಿಗೆ ಫೋನ್ ಮಾಡುತ್ತಾನೆ. "ನಾಳೆ ಬರ್ತೀನಿ" ಎಂಬ ಉತ್ತರ ಮೂರು ದಿನ ಅದೇ ಆಗಿರುತ್ತದೆ. ಗದ್ದೆಯಲ್ಲಿ ಪೈರು ಬಾಡುತ್ತದೆ. ಆ ಹುಡುಗ ಸುಳ್ಳುಗಾರನೇನೂ ಅಲ್ಲ. ಕೈಗೆಟುಕುವಷ್ಟಕ್ಕಿಂತ ಹೆಚ್ಚು ಮಾತು ಕೊಟ್ಟಿದ್ದಾನೆ; ಅದು ಸುಳ್ಳಿಗೆ ತೀರ ಹತ್ತಿರದ ಜಾಗ.

ಸಾವಿರ ಕಾರ್ಡು ಮುಗಿಯುವಷ್ಟರಲ್ಲಿ ಲೋಕವೂ ಬದಲಾಗುತ್ತದೆ. ಈ ಸೀಮೆಗೆ ಅದು ಚೆನ್ನಾಗಿ ಗೊತ್ತು. ಕಾವೇರಿಯ ಪ್ರವಾಹಕ್ಕೆ ಸಿಕ್ಕ ಎಡತೊರೆಯವರು ಮೇಲಕ್ಕೆ ಬಂದು, ನೇರ ಬೀದಿಗಳ ಹೊಸ ಊರಿನಲ್ಲಿ ನೆಲೆ ನಿಂತು, ಕೃಷ್ಣರಾಜನಗರದವರಾದರು. ಈಚಿನ ವರ್ಷಗಳಲ್ಲಿ ಸಾಲಿಗ್ರಾಮ ಕೆ.ಆರ್. ನಗರದಿಂದಲೂ, ಸರಗೂರು ಎಚ್.ಡಿ. ಕೋಟೆಯಿಂದಲೂ ಬೇರೆಯಾಗಿ ತಾಲ್ಲೂಕುಗಳಾದವು. ಎಷ್ಟು ಬಿಲ್ ಪುಸ್ತಕ, ಎಷ್ಟು ಬೋರ್ಡು, ಎಷ್ಟು ಕಾರ್ಡು ಒಮ್ಮೆಲೇ ಹಳತಾದವೋ. ಫೋನ್ ನಂಬರಿನ ಗತಿ ಇನ್ನೂ ಚಂಚಲ. 90 ದಿನ ಬಳಸದೆ ಬಿಟ್ಟ ಸಿಮ್ ನಿಲ್ಲಿಸಿ, ಆಮೇಲೆ ಅದೇ ನಂಬರನ್ನು ಬೇರೆಯವರಿಗೆ ಕೊಡುವ ಪದ್ಧತಿ ನಮ್ಮ ಮೊಬೈಲ್ ಕಂಪನಿಗಳಲ್ಲಿದೆ. ಆಗ ಕಾರ್ಡಿನ ಮೇಲಿನ ಹೆಸರು ಒಬ್ಬರದು, ಫೋನೆತ್ತುವವರು ಇನ್ನೊಬ್ಬರು. ಕಾರ್ಡಿಗೆ ಕ್ಯೂಆರ್ ಕೋಡ್ ಹಾಕಿಸುವವರೂ ಇದನ್ನು ನೆನಪಿಡಬೇಕು: ನಂಬರನ್ನೇ ನೇರವಾಗಿ ತುಂಬಿದ ಕೋಡ್ ಎಷ್ಟು ವರ್ಷವಾದರೂ ಓದಿಸಿಕೊಳ್ಳುತ್ತದೆ, ಯಾವುದೋ ಕಂಪನಿಯ ಕೊಂಡಿಯ ಮೂಲಕ ಹೋಗುವ ಕೋಡ್, ಅವರ ಬಾಡಿಗೆ ಕಟ್ಟುವುದು ನಿಂತ ದಿನ ತಾನೂ ನಿಲ್ಲಬಹುದು.

ಇನ್ನು ಮೂರನೆಯ ದಾರಿ. ಅದರ ಬಗ್ಗೆ ಹೇಳಲೆಂದೇ ಇಷ್ಟು ದೂರ ಬಂದೆ.

ಊರಿನ ಪ್ರಿಂಟಿಂಗ್ ಪ್ರೆಸ್ಸು ಬದುಕಿದ್ದೇ ಜಾಬ್ ವರ್ಕಿನಿಂದ. ಲಗ್ನಪತ್ರಿಕೆ, ತಿಥಿ ಕಾರ್ಡು, ಬಿಲ್ ಪುಸ್ತಕ, ಕರಪತ್ರ, ಸಹಕಾರ ಸಂಘದ ರಸೀದಿ. ಮುದ್ರಣದ ಇತಿಹಾಸವೇ ಹಾಗೆ ಶುರುವಾಗಿದೆ. ಯುರೋಪಿನಲ್ಲಿ ಅಚ್ಚುಮೊಳೆಯಿಂದ ಮುದ್ರಿಸಿ ತಾರೀಕು ಹಾಕಿದ ಮೊಟ್ಟಮೊದಲ ಕಾಗದಗಳಲ್ಲಿ 1454ರ ಸುಮಾರಿನ ಪಾಪವಿಮೋಚನೆಯ ಪತ್ರಗಳು ಸೇರಿವೆ. ಪಡೆಯುವವರ ಹೆಸರು ಕೈಯಲ್ಲಿ ತುಂಬಲು ಅವುಗಳಲ್ಲಿ ಜಾಗ ಬಿಟ್ಟಿತ್ತು. ದೊಡ್ಡ ಗ್ರಂಥಗಳ ಜತೆಜತೆಗೇ ಇಂಥ ಸಣ್ಣ ಕಾಗದಗಳು ಮುದ್ರಣಾಲಯಗಳ ಹೊಟ್ಟೆ ಹೊರೆದಿವೆ. ನಮ್ಮಲ್ಲಿ ಮೊಳೆ ಜೋಡಿಸುವ ಕಾಲ ಹೋಯಿತು, ಕಾಲಲ್ಲಿ ತುಳಿಯುವ ಟ್ರೆಡಲ್ ಮೂಲೆ ಸೇರಿತು, ಡಿಟಿಪಿ ಬಂತು. ಹೋಗದೆ ಉಳಿದದ್ದು ಕರಡು ತೋರಿಸುವ ಪದ್ಧತಿ.

ಪ್ರೆಸ್ಸಿನವರು ಒಂದು ಹಾಳೆ ತೆಗೆದು ಮುಂದಿಡುತ್ತಾರೆ. ಮಾತು ಹೀಗೆ ಸಾಗುತ್ತದೆ:

"ನಂಬರ್ ಇನ್ನೊಂದ್ಸಲ ಹೇಳಪ್ಪ. ಕೊನೇಲಿ ಆರೋ ಒಂಬತ್ತೋ?"

"ಒಂಬತ್ತು ಅಣ್ಣ."

"ಪ್ರೊಪ್ರೈಟರ್ ಅಂತ ಬರ್ದಿದ್ಯಲ್ಲ, ಅಂಗಡಿ ಮಾಡಿದ್ಯಾ?"

"ಇಲ್ಲಣ್ಣ, ಮುಂದಿನ ವರ್ಷ ಮಾಡ್ಬೇಕು ಅಂತ."

"ಹಂಗಾದ್ರೆ ಈಗ್ಲೇ ಯಾಕೆ? ಹೆಸರು, ಕೆಲಸ, ಊರು ಹಾಕೋಣ. ಅಂಗಡಿ ಆದ್ಮೇಲೆ ಬಾ, ಹೊಸದು ಮಾಡ್ಕೊಡ್ತೀನಿ."

ಈ ಮಾತುಕತೆಗೆ ಬಿಲ್ಲಿನಲ್ಲಿ ಒಂದು ಸಾಲೂ ಇರುವುದಿಲ್ಲ. ಮನೆಯ ಪ್ರಿಂಟರು ಕೊಟ್ಟದ್ದನ್ನು ಕೊಟ್ಟ ಹಾಗೆ ಹೊರಹಾಕುತ್ತದೆ. ಆನ್‌ಲೈನಿನ ಮಾದರಿ ಖಾಲಿ ಬಿಟ್ಟ ಚೌಕಗಳನ್ನು ತುಂಬು ಎನ್ನುತ್ತದೆ, ತುಂಬಿದ್ದು ನಿಜವೇ ಎಂದು ಕೇಳುವುದಿಲ್ಲ. ನಾನು ನನ್ನನ್ನು ಏನೆಂದು ಕರೆದುಕೊಂಡೆನೋ ಅದನ್ನು ಇನ್ನೊಂದು ಜೋಡಿ ಕಣ್ಣು, ನನ್ನನ್ನು ಬಲ್ಲ ಕಣ್ಣು, ಲೋಕಕ್ಕಿಂತ ಮೊದಲು ಓದುವುದು ಎಷ್ಟು ದೊಡ್ಡ ಉಪಕಾರ!

ಕನ್ನಡದ ಅಕ್ಷರಗಳ ವಿಷಯದಲ್ಲೂ ಇದೇ. ನುಡಿ, ಶ್ರೀಲಿಪಿಗಳ ಹಳೆಯ ವಿಧಾನದಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡ್ ಬೇಡುವ ಜಾಲತಾಣದಲ್ಲಿ ತಂದು ಅಂಟಿಸಿದರೆ ಅರ್ಥವಿಲ್ಲದ ಗುರುತುಗಳು ಮೂಡುತ್ತವೆ. ಕನ್ನಡ ಜೋಡಿಸಲು ಬಾರದ ಕೆಲವು ತಂತ್ರಾಂಶಗಳಲ್ಲಿ ಕೃಷ್ಣರಾಜನಗರದ ಷಕಾರ ಒಂದು ಕಡೆ, ಅದರ ಒತ್ತು ಇನ್ನೊಂದು ಕಡೆ. ದೂರದ ಊರಲ್ಲಿ ಯಂತ್ರದ ಮುಂದೆ ನಿಂತವರಿಗೆ ಅದು ತಪ್ಪೆಂದು ತಿಳಿಯುವ ದಾರಿಯೇ ಇಲ್ಲ. ಅವರ ಪಾಲಿಗೆ ಅದೊಂದು ಚಿತ್ರ. ವಿಳಾಸದ ಮಾತೂ ಅಷ್ಟೆ. "ಹ್ಯಾಂಡ್‌ಪೋಸ್ಟ್ ದಾಟಿ ಬಲಕ್ಕೆ" ಎಂದರೆ ಕೋಟೆ ತಾಲ್ಲೂಕಿನವರಿಗೆ ಸಾಕು. ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರು ಬಂದು ನೆಲೆಸಿ ಅರವತ್ತು ವರ್ಷ ಮೀರಿದರೂ ಅಲ್ಲಿನ ವಿಳಾಸ ಹೇಳುವುದು ಎಷ್ಟನೇ ಕ್ಯಾಂಪು ಎಂಬುದರಿಂದಲೇ.

ಅಚ್ಚಿಗೆ ಸಾಕ್ಷಿ ಬೇಕು ಎಂಬುದು ನನ್ನೊಬ್ಬನ ಭಾವುಕತೆಯಲ್ಲ, ನಮ್ಮ ಕಾನೂನೇ ಒಂದು ಕಡೆ ಹಾಗೆ ಹೇಳಿದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಚುನಾವಣೆಯ ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ಅಷ್ಟೇ ಸಾಲದು: ಪ್ರಕಾಶಕ ತಾನು ಯಾರೆಂದು ಬರೆದುಕೊಡಬೇಕು, ಅವನನ್ನು ಖುದ್ದಾಗಿ ಬಲ್ಲ ಇಬ್ಬರು ಅದಕ್ಕೆ ರುಜು ಹಾಕಬೇಕು, ಆಮೇಲೆಯೇ ಪ್ರೆಸ್ಸು ಕೆಲಸಕ್ಕೆ ಕೈ ಹಾಕಬೇಕು. ಮೀರಿದರೆ ಆರು ತಿಂಗಳವರೆಗೆ ಸೆರೆ, ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಗೆಯೇ 2005ರ ರಾಷ್ಟ್ರಲಾಂಛನ ಕಾಯ್ದೆ ಅಶೋಕಸ್ತಂಭದ ಸಿಂಹಗಳನ್ನು ಹಕ್ಕಿಲ್ಲದವರು ಬಳಸಬಾರದೆನ್ನುತ್ತದೆ. ಏನೇನೋ ಸಂಘಟನೆಗಳ ಅಧ್ಯಕ್ಷರೆಂದು ಹೇಳಿಕೊಂಡು, ಕಾರ್ಡಿನ ಮೂಲೆಯಲ್ಲಿ ಸಿಂಹ ಕೂರಿಸಿಕೊಂಡು, ಹಾಡಿಗಳಲ್ಲಿ, ಸಣ್ಣ ಅಂಗಡಿಗಳಲ್ಲಿ ಬಡವರನ್ನು ಹೆದರಿಸುವವರು ಇದ್ದಾರೆ. ಇಂಥವರಿಗೆ "ಈ ಗುರುತು ನಾನು ಹಾಕಲ್ಲ ಸ್ವಾಮಿ, ಬೇರೆ ಕಡೆ ನೋಡ್ಕೊಳಿ" ಎನ್ನಬಲ್ಲವರು ಪ್ರೆಸ್ಸಿನವರೇ. ಹಾಗೆ ಹೇಳಿ ಗಿರಾಕಿ ಕಳೆದುಕೊಳ್ಳುವ ಮುದ್ರಕರ ಬಗ್ಗೆ ನನಗೆ ಅಪಾರ ಗೌರವ. ಮನೆಯ ಪ್ರಿಂಟರಿಗೆ ಆ ಧೈರ್ಯವನ್ನು ಯಾರೂ ತುಂಬಲಾರರು.

ಊರ ಪ್ರೆಸ್ಸನ್ನು ದೇವಸ್ಥಾನ ಮಾಡುವುದೂ ಬೇಡ. ಎಷ್ಟೋ ಕಡೆ ಡಿಟಿಪಿ ಮಾಡಿಕೊಡುವುದು ಮಾತ್ರ ಇಲ್ಲಿ. ಅಚ್ಚಿಗೆ ಫೈಲು ಮೈಸೂರಿಗೋ ಬೆಂಗಳೂರಿಗೋ ಶಿವಕಾಶಿಗೋ ಹೋಗುತ್ತದೆ. ಅಲ್ಲಿಯೂ ಅದೇ ದೊಡ್ಡ ಹಾಳೆ, ಅದೇ ಹಂಚಿಕೆ. ನಡುವೆ ಅವರದೊಂದು ಲಾಭವೂ ಸೇರುತ್ತದೆ. ಅವಸರದಲ್ಲಿ ಅವರೂ ಕಾಗುಣಿತ ತಪ್ಪುತ್ತಾರೆ, ಹೇಳಿದ ದಿನಕ್ಕೆ ಕೊಡದೆ ಸತಾಯಿಸುತ್ತಾರೆ. ಹಾಗಿದ್ದರೂ ಆ ಲಾಭವನ್ನು ನಾನು ಸಂತೋಷದಿಂದ ಕೊಡುತ್ತೇನೆ. ಯಂತ್ರ ಎಲ್ಲಿ ಓಡಿದರೇನು, ಓದುವ ಕಣ್ಣು ಇಲ್ಲಿದೆ. ತಪ್ಪಾದರೆ ಹೋಗಿ ಕೇಳಲು ಒಂದು ಬಾಗಿಲಿದೆ. ಆ ಬಾಗಿಲು ತೆರೆದಿರಬೇಕಾದರೆ ಊರಿನವರು ಸಣ್ಣ ಕೆಲಸಗಳನ್ನು ಅಲ್ಲಿಗೆ ಒಯ್ಯುತ್ತಿರಬೇಕು. ಮದುವೆಗೆ ಮಾತ್ರ ಪ್ರೆಸ್ಸು ಬೇಕು, ಉಳಿದದ್ದಕ್ಕೆಲ್ಲ ಫೋನು ಸಾಕು ಎಂದರೆ, ಮದುವೆಯ ಹೊತ್ತಿಗೆ ಲಗ್ನಪತ್ರಿಕೆಯಲ್ಲಿ ಯಾವ ಅಜ್ಜಿಯ ಹೆಸರು ಬಿಟ್ಟುಹೋಗಿದೆ ಎಂದು ಕೇಳುವವರು ಅಲ್ಲಿ ಇರುವುದಿಲ್ಲ.

ಯಾರಾದರೂ ಕಿರಿಯರು ನನ್ನನ್ನು ಕೇಳಿದರೆ ಎಲ್ಲರಿಗೂ ಒಂದೇ ಉತ್ತರ ಹೇಳಲಾರೆ. ಅಡಕೆ ಸಸಿ ಬೆಳೆಸಿ ಮಾರಲು ಹೊರಟ ಹುಡುಗಿ ಮೊದಲ ವರ್ಷ ಮನೆಯಲ್ಲೇ ಒಂದು ಹಾಳೆ ತೆಗೆದುಕೊಳ್ಳಲಿ. ಅವಳ ಹತ್ತಿರ ಇರುವ ಸಸಿಗಳಿಗೆ ಹತ್ತು ಕಾರ್ಡು ಸಾಕು, ಮುಂದಿನ ಮುಂಗಾರಿಗೆ ಅವಳ ಕೆಲಸದ ರೂಪವೇ ಬೇರೆಯಾಗಿರಬಹುದು. ಕಬಿನಿ ಹಿನ್ನೀರಿನ ಕಡೆ ಜೀಪು ಓಡಿಸುವವನಿಗೆ ಬರುವ ಗಿರಾಕಿಗಳು ದೂರದವರು, ಇಂದು ಬಂದು ನಾಳೆ ಹೋಗುವವರು. ಅವನು ಆನ್‌ಲೈನಿನಲ್ಲಿ ತರಿಸಿಕೊಂಡರೆ ತಪ್ಪೇನಿಲ್ಲ, ನೂರಕ್ಕೆ ನಿಲ್ಲಿಸಿದರೆ ಸಾಕು. ವಾಲಗದ ತಂಡದವರು ಮಾತ್ರ ಊರ ಪ್ರೆಸ್ಸಿಗೇ ಹೋಗಲಿ. ಅವರ ಕಾರ್ಡು ಹಿರಿಯ ಮಗಳ ಮದುವೆಯಲ್ಲಿ ಒಂದು ಮನೆಗೆ ಬಂದು, ಕಿರಿಯವಳ ಮದುವೆಯವರೆಗೆ ಬೀರುವಿನಲ್ಲಿ ಉಳಿಯುತ್ತದೆ. ಅಷ್ಟು ವರ್ಷ ಬಾಳಬೇಕಾದ ಕಾಗದದ ಮೇಲೆ ತಂಡದ ಯಜಮಾನನ ಹೆಸರಿನ ಜತೆಗೆ ಅವನ ಮಗನ ನಂಬರೂ ಇರಲಿ, ಊರಿನ ಹೆಸರು ದಪ್ಪ ಅಕ್ಷರದಲ್ಲಿರಲಿ. ಹಾಗೆ ಹಾಕಿಸಿಕೊಳ್ಳಿ ಎಂದು ನೆನಪಿಸಲು ಮೇಜಿನ ಆಚೆ ಬದಿ ಒಬ್ಬರು ಕೂತಿರಬೇಕು.